ಅಕ್ಕನ ಹೆಡತಲೆ

ನನ್ನ ಅಕ್ಕನ ತಲೆಗೆ ಆದ ಆಪರೇಷನ್ ತಪ್ಪು ಜಾಗದಲ್ಲಿ ಆಯಿತು. ಅದಕ್ಕೆ ಕಾರಣ ಡಾಕ್ಟರಲ್ಲ, ಅಕ್ಕ ನಂಬಿಕೊಂಡಿದ್ದಂತೆ ಅವಳ ಹಣೆಬರಹವೂ ಅಲ್ಲ — ನಾನು. ಅದು ತಪ್ಪು ಜಾಗ ಎಂಬುದು ಆಪರೇಷನ್ನಿಗೆ ಇಪ್ಪತ್ತು ದಿನ ಮೊದಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಆಮೇಲೆ ಆರು ವರ್ಷ ಬಾಯಿ ಬಿಡಲಿಲ್ಲ.

ಇಷ್ಟು ಬರೆದರೆ ಸಾಕೆಂದು ಮೊದಲು ಅಂದುಕೊಂಡೆ. ಸಾಲದು. ಹೇಗಾಯಿತು ಎಂಬುದನ್ನೂ ಬರೆಯಬೇಕು, ಈ ಪುಸ್ತಕದಲ್ಲೇ ಬರೆಯಬೇಕು ಎಂದು ಅಕ್ಕ ಹೇಳಿದ್ದಾಳೆ. ಇದು ಇನ್ನೂರು ಪುಟದ ಗೆರೆ ಹಾಕಿದ ನೋಟ್ ಪುಸ್ತಕ. ಮೊದಲಿನ ಪುಟಗಳಲ್ಲಿ ಅಕ್ಕನ ತಲೆನೋವಿನ ದಿನಚರಿ ನನ್ನ ದುಂಡಕ್ಷರದಲ್ಲಿದೆ. ಉಳಿದದ್ದು ಖಾಲಿ ಇತ್ತು. ನನ್ನ ಸುಳ್ಳು ಮುಗಿದ ಪುಟದ ಮಗ್ಗುಲಿನಿಂದ ಇದನ್ನು ಶುರು ಮಾಡಿದ್ದೇನೆ.

ನಾನು ಮಳವಳ್ಳಿಯಲ್ಲಿ ಹೈಸ್ಕೂಲ್ ಕನ್ನಡ ಮೇಷ್ಟ್ರಾಗಿದ್ದವನು. ನಿವೃತ್ತನಾಗಿ ಎರಡು ವರ್ಷವಾಯಿತು. ಮಕ್ಕಳು ನನಗೊಂದು ಅಡ್ಡಹೆಸರು ಇಟ್ಟಿದ್ದರು — ಹಕಾರದ ಮೇಷ್ಟ್ರು. ನಮ್ಮ ಕಡೆಯ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲವಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ. ಅದನ್ನು ಮಕ್ಕಳ ನಾಲಿಗೆಯಿಂದ ಕಿತ್ತುಹಾಕುವುದೇ ನನ್ನ ಕೆಲಸ ಎಂದುಕೊಂಡಿದ್ದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ "ಹಸು ಅನ್ನು" ಎನ್ನುತ್ತಿದ್ದೆ. ಉಸಿರು ಅಂಗೈಗೆ ತಾಗಿದರೆ ಕೂರಬಹುದು; ತಾಗದಿದ್ದರೆ ಇನ್ನೊಮ್ಮೆ. ಪೀರಿಯಡ್ ಮುಗಿಯುವವರೆಗೂ ನಿಂತು ಉಸಿರು ಬಿಟ್ಟ ಮಕ್ಕಳಿದ್ದಾರೆ. ಮದುವೆಯ ಕಾಗದ ಬಂದರೂ ಕೆಂಪು ಪೆನ್ನು ಹಿಡಿದೇ ಓದುವ ಆಸಾಮಿ ನಾನು.

ನಾನೇನು ಹಕಾರದ ಜೊತೆಗೆ ಹುಟ್ಟಿದವನಲ್ಲ. ನಿಡಘಟ್ಟದ ಪಕ್ಕದ ಹಳ್ಳಿಯವನು, ರಾಗಿ ಕಬ್ಬು ಬೆಳೆಯುವ ಮನೆಯವನು. ಟ್ರೈನಿಂಗ್ ಕಾಲೇಜಿನ ಮೊದಲ ದಿನ ಎದ್ದು ನಿಂತು "ನಮ್ಮ ಅಳ್ಳಿ" ಅಂದೆ; ಇಡೀ ಕ್ಲಾಸು ನಕ್ಕಿತು. ಆ ನಗು ಈ ವಯಸ್ಸಿನಲ್ಲೂ ಕಿವಿಯಲ್ಲಿದೆ. ಅವತ್ತಿನಿಂದ ನನ್ನ ನಾಲಿಗೆಯನ್ನು ನಾನೇ ಉಜ್ಜಿ ಉಜ್ಜಿ ತೊಳೆದೆ. ತೊಳೆಯುವಾಗ ಏನೇನು ಕೊಚ್ಚಿಕೊಂಡು ಹೋಯಿತು ಎಂದು ನೋಡಲಿಲ್ಲ.

ಅಕ್ಕ ಸಾಕಮ್ಮ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವ್ವ ಗದ್ದೆಗೆ ಹೋದರೆ ನನ್ನನ್ನು ಸೊಂಟದ ಮೇಲೆ ಹೊತ್ತವಳು ಅವಳೇ. ಸ್ಕೂಲಿಗೆ ಬಿಟ್ಟು, ಸಂಜೆ ಕರೆದುಕೊಂಡು ಬಂದು, ನನ್ನ ಸ್ಲೇಟು ತೊಳೆದುಕೊಟ್ಟು — ತಾನು ಮಾತ್ರ ಅಕ್ಷರ ಕಲಿಯಲಿಲ್ಲ. ಮದುವೆಯಾಗಿ ಕೊಕ್ಕರೆ ಬೆಳ್ಳೂರಿಗೆ ಹೋದಳು. ನಾನು ಎಷ್ಟೇ ದೊಡ್ಡ ಮೇಷ್ಟ್ರಾದರೂ ಅವಳಿಗೆ "ಲೇ ಸಿವ". ಶಿವಲಿಂಗ ಎಂಬ ನನ್ನ ಹೆಸರಿನ ಶಕಾರವನ್ನು ಅವಳು ಒಂದು ದಿನವೂ ನುಡಿದವಳಲ್ಲ. ಒಮ್ಮೆ ಸ್ಕೂಲಿಗೇ ಬಂದು ಹೆಡ್ಮಾಸ್ಟರ ಎದುರು "ಏನ್ಲಾ, ಬುತ್ತಿ ಉಂಡ್ಯಾ" ಎಂದು ಕೇಳಿದಳು. ಅವರು ನಕ್ಕರು. ನಾನು ಆ ಸಂಜೆ ಅವಳೊಡನೆ ಸರಿಯಾಗಿ ಮಾತಾಡಲಿಲ್ಲ.

ಅರೆತಲೆನೋವು ಅವಳಿಗೆ ಹಿಡಿದದ್ದು ಇಪ್ಪತ್ತೈದರ ಸುಮಾರಿಗೆ. ತಿಂಗಳಲ್ಲಿ ಹತ್ತು ಹನ್ನೆರಡು ದಿನ. ಬೆಳಕು ಆಗದು, ಒಗ್ಗರಣೆಯ ವಾಸನೆ ಆಗದು, ನೀರು ಕುಡಿದರೂ ವಾಂತಿ. ಅವರ ಹಿತ್ತಲ ಹುಣಸೆಮರದಲ್ಲಿ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮರಿ ಮಾಡುವ ಕಾಲದಲ್ಲಿ ಆ ಗದ್ದಲ, ಆ ಮೀನಿನ ನಾತ — ತಲೆನೋವಿನ ದಿನ ಅವಳಿಗೆ ಅದು ನರಕ. ತಲೆಗೆ ಟವಲು ಬಿಗಿದುಕೊಂಡು ಕತ್ತಲೆ ಕೋಣೆಯಲ್ಲಿ ಬಿದ್ದಿರುತ್ತಿದ್ದಳು. ಒಂದು ಸಲ ನಮ್ಮ ಬಾವ ಕನಿಕರಪಟ್ಟು ಮರದ ಕೊಂಬೆಗಳನ್ನಾದರೂ ಕಡಿಸುತ್ತೇನೆ ಅಂದರಂತೆ. ಅಕ್ಕ ಕೋಣೆಯೊಳಗಿನಿಂದಲೇ ಗದರಿಸಿದಳು: "ಬಾಣಂತನಕ್ಕೆ ಬಂದೋರ್ನ ಓಡುಸ್ತಾರಾ? ನನ್ ತಲೆ ನಂಗಿರ್ಲಿ, ಬುಡಿ."

ನಾಟಿ ಮದ್ದಾಯಿತು, ಇಂಗ್ಲಿಷ್ ಮಾತ್ರೆಗಳಾದವು. ಬಾವ ತೀರಿಕೊಂಡ ಮೇಲೆ ಅವಳನ್ನು ಡಾಕ್ಟರರ ಹತ್ತಿರ ಕರೆದೊಯ್ಯುವ ಕೆಲಸ ನನಗೆ ಬಂತು. ಅಕ್ಕನ ಮಗ ಗದ್ದೆ, ಹಸು ಎಂದು ಓಡಾಡುವವನು. "ಮಾವ ಓದಿದೋರು, ಅವ್ರೇ ಓಗ್ಲಿ" ಎಂದು ಅವನೇ ಹೇಳಿದ. ನನಗೂ ಅದು ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆರು ವರ್ಷದ ಹಿಂದೆ ಮಂಡ್ಯದ ಒಂದು ಖಾಸಗಿ ಆಸ್ಪತ್ರೆಗೆ ತಿಂಗಳಿಗೆ ಎರಡು ಶನಿವಾರ ಬೆಂಗಳೂರಿನಿಂದ ಒಬ್ಬ ಸರ್ಜನ್ ಬರುತ್ತಿದ್ದರು. ಉತ್ತರದ ಕಡೆಯವರು, ಕನ್ನಡ ಬಾರದು. ತಲೆನೋವಿಗೆ ಆಪರೇಷನ್ ಎಂದಾಗ ನಾನೂ ಹೆದರಿದ್ದೆ. ಅವರು ಸಮಾಧಾನವಾಗಿ ವಿವರಿಸಿದರು. ಮಿದುಳಿಗೆ ಕೈ ಹಚ್ಚುವುದೇ ಇಲ್ಲ. ತಲೆಯ ಚರ್ಮದ ಕೆಳಗೆ ಓಡುವ ಕೆಲವು ನರಗಳು ಕೆಲವರಲ್ಲಿ ಸ್ನಾಯುವಿನ ಸಂದಿಯಲ್ಲಿ ಇಕ್ಕಟ್ಟಾಗಿ ಸಿಕ್ಕಿಕೊಂಡು ಕೆರಳುತ್ತವೆ. ನೋವು ಅಲ್ಲಿಂದ ಹೊರಡುತ್ತದೆ. ಆ ಇಕ್ಕಟ್ಟನ್ನು ಬಿಡಿಸುವುದಷ್ಟೇ. ಎಲ್ಲರಿಗೂ ಮಾಡುವ ಚಿಕಿತ್ಸೆಯಲ್ಲ, ಮಾಡಿದವರಿಗೆಲ್ಲ ಗುಣವಾಗುತ್ತದೆ ಎಂಬ ಭರವಸೆಯೂ ಇಲ್ಲ. ಮಾತ್ರೆಗೆ ಜಗ್ಗದವರಿಗೆ ಒಂದು ದಾರಿ. ಆದರೆ ಒಂದು ಷರತ್ತು — ನೋವು ಎಲ್ಲಿ *ಹುಟ್ಟುತ್ತದೆ* ಎಂಬುದು ಸರಿಯಾಗಿ ಗೊತ್ತಾಗಬೇಕು. ಎಲ್ಲಿ ಹೆಚ್ಚು ಎಂಬುದಲ್ಲ, ಎಲ್ಲಿ ಮೊದಲು ಎಂಬುದು.

ನಾನು ಇದನ್ನು ಅಕ್ಕನಿಗೆ ಹೇಳಿದೆ. ಅವಳು "ಬಿಗ್ಯಾಗಿರೋ ಕಣ್ಣಿ ಸಡ್ಲ ಮಾಡೋದು ಅನ್ನು" ಅಂದಳು. ದನದ ಕೊರಳಿನ ಹಗ್ಗ. ಡಾಕ್ಟರಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವರು ನಕ್ಕು, ನಾನು ಅರ್ಧ ಗಂಟೆ ಹೇಳಿದ್ದನ್ನು ಇವರು ಒಂದೇ ಮಾತಿನಲ್ಲಿ ಹೇಳಿದರು ಎಂದರು.

ಎರಡು ತಿಂಗಳು ತಲೆನೋವಿನ ದಿನಚರಿ ಬರೆದು ತನ್ನಿ ಎಂದರು. ನೋವು ಎಲ್ಲಿ ಶುರುವಾಯಿತು, ಎಲ್ಲಿಗೆ ಹೋಯಿತು, ಎಷ್ಟು ಹೊತ್ತಿತ್ತು, ಯಾವ ಮಾತ್ರೆ ತೆಗೆದುಕೊಂಡರು. ಅಕ್ಕನಿಗೆ ಬರೆಯಲು ಬಾರದು. ಸಂಜೆ ಹಾಲು ಕರೆದು ಡೈರಿಗೆ ಕಳಿಸಿ ಅವಳು ಫೋನ್ ಮಾಡುತ್ತಿದ್ದಳು. ಮಳವಳ್ಳಿಯಲ್ಲಿ ಕೂತು ನಾನು ಬರೆದುಕೊಳ್ಳುತ್ತಿದ್ದೆ.

"ಸಿವ, ಇವತ್ತು ಎಡ್ತಲೆಲಿ ಸುರುವಾಯ್ತು ಕಣ್ಲಾ. ಮದ್ಯಾನ್ದೊತ್ಗೆ ಎಡಗಣ್ ತಾವ್ಕೆ ಬಂತು."

ನಾನು ಬರೆದೆ: ಆರಂಭ — ಎಡತಲೆ.

ಎಡ್ತಲೆ. ಓದುವವರೇ, ನಿಮಗೆ ಏನು ಕೇಳಿಸಿತು? ನನಗೆ ಕೇಳಿಸಿದ್ದು ಎಡ — ಎಡಗೈ, ಎಡಗಾಲು, ಎಡಗಣ್ಣು ಎನ್ನುವ ಎಡ. ತಲೆಯ ಎಡಭಾಗ, ಕಿವಿಯ ಮೇಲೆ, ಕಣತಲೆಯ ಕಡೆ. ಅವಳು ಹೇಳುತ್ತಿದ್ದದ್ದು ಹೆಡತಲೆ. ಕತ್ತು ತಲೆಗೆ ಸೇರುವ ಜಾಗ, ತಲೆಯ ಹಿಂಬದಿ, ತುರುಬು ಕಟ್ಟುವ ಕಡೆ. ನಮ್ಮ ಅವ್ವ ನನ್ನ ತಲೆಗೆ ಎಣ್ಣೆ ಹಚ್ಚುವಾಗ "ಎಡ್ತಲೆ ತೋರು" ಅನ್ನುತ್ತಿದ್ದಳು; ನಾನು ಕತ್ತು ಬಗ್ಗಿಸುತ್ತಿದ್ದೆ. ಆ ಮಾತಿಗೆ ಕತ್ತು ಬಗ್ಗಿಸಿ ಬೆಳೆದವನು ನಾನು. ಮೂವತ್ತು ವರ್ಷ ಮಕ್ಕಳ ಬಾಯಿಗೆ ಹಕಾರ ತುರುಕಿದವನಿಗೆ, ಹಕಾರ ಇಲ್ಲದ ಕಡೆ ಅದನ್ನು ಕೇಳಿಸಿಕೊಳ್ಳುವುದು ಮಾತ್ರ — ಬರಲಿಲ್ಲ. ಎರಡು ತಿಂಗಳಲ್ಲಿ ಇಪ್ಪತ್ಮೂರು ಕಡೆ ಬರೆದೆ: ಎಡತಲೆ, ಎಡತಲೆ, ಎಡತಲೆ.

ಬೆರಳಿಟ್ಟು ತೋರಿಸಿದ್ದರೆ ಗೊತ್ತಾಗುತ್ತಿರಲಿಲ್ಲವೇ ಎಂದು ಕೇಳುತ್ತೀರಿ. ಡಾಕ್ಟರು ಕೇಳಿದ್ದರು. ಅಕ್ಕನಿಗೆ ಅವತ್ತು ನೋವಿತ್ತು. "ಎಲ್ಲಿ ನೋವು?" ಎಂದು ನಾನು ಕೇಳಿದೆ — ಎಲ್ಲಿ ಹುಟ್ಟುತ್ತದೆ ಎಂದಲ್ಲ, ಎಲ್ಲಿ ನೋವು ಎಂದು. ಅವಳು ಎಡಗಣ್ಣಿನ ಪಕ್ಕ, ಆಗ ಸಿಡಿಯುತ್ತಿದ್ದ ಜಾಗಕ್ಕೆ ಕೈ ಇಟ್ಟಳು. "ಎಡ್ತಲೆಯಿಂದ ಬತ್ತದೆ" ಅಂತಲೂ ಸೇರಿಸಿದಳು. ಕೈ ಅಲ್ಲಿತ್ತು, ಮಾತು ಅದೇ ಹೇಳಿತು ಎಂದು ನನಗೆ ಅನ್ನಿಸಿತು. ನೋವು ಎಡಗಡೆ ಕಣತಲೆಯಲ್ಲಿ ಹುಟ್ಟುತ್ತದೆ ಎಂದು ಡಾಕ್ಟರಿಗೆ ಸ್ವಚ್ಛ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಅಲ್ಲಿ ಒತ್ತಿದರು, ಅಕ್ಕ ಮುಖ ಕಿವುಚಿದಳು. ನಾನು ಓದಿ ಇಂಗ್ಲಿಷಿನಲ್ಲಿ ಹೇಳಿದ ದಿನಚರಿಯನ್ನು ತಿರುವಿ ಹಾಕಿ, ಇಷ್ಟು ಅಚ್ಚುಕಟ್ಟಾಗಿ ಬರೆದ ದಿನಚರಿಯನ್ನು ನಾನು ನೋಡಿಯೇ ಇಲ್ಲ ಎಂದರು. ಆ ಹೊಗಳಿಕೆಯನ್ನು ನಾನು ಮದ್ದೂರಿನವರೆಗೂ ಬಸ್ಸಿನಲ್ಲಿ ಮೆಲುಕು ಹಾಕುತ್ತಾ ಬಂದೆ.

ಅಷ್ಟರವರೆಗೆ ಆದದ್ದು ತಪ್ಪು. ತಪ್ಪು ಯಾರಿಂದಲೂ ಆಗುತ್ತದೆ. ನಾನು ನಿವೇದಿಸಿಕೊಳ್ಳಬೇಕಾದದ್ದು ಅದರ ಮುಂದಿನದನ್ನು.

ಆಪರೇಷನ್ನಿಗೆ ಮೊದಲು ಒಂದು ಪರೀಕ್ಷೆ ಇತ್ತು. ನೋವು ಹುಟ್ಟುವ ಜಾಗಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಆ ದಿನ ನೋವು ಅರ್ಧಕ್ಕಿಂತ ಹೆಚ್ಚು ಇಳಿದರೆ ಜಾಗ ಸರಿ ಎಂದು ಅರ್ಥ, ಆಪರೇಷನ್ ಮಾಡಬಹುದು. ಇಳಿಯದಿದ್ದರೆ ಮಾಡಬಾರದು. ಇನ್ನೊಂದು ನೋವಿನ ದಿನ ಅಕ್ಕನನ್ನು ಕರೆದೊಯ್ದು ಇಂಜೆಕ್ಷನ್ ಕೊಡಿಸಿ ಅವಳ ಊರಿಗೆ ಬಿಟ್ಟು ಬಂದೆ. ಸಂಜೆ ಫೋನ್ ಮಾಡಿದೆ.

"ಕಣ್ಣಿನ್ ತಾವ ವಸಿ ಕಮ್ಮಿ ಆಗದೆ. ಎಡ್ತಲೆ ಮಾತ್ರ ಅಂಗೇ ಇಡ್ಕೊಂಡದೆ ಕಣ್ಲಾ."

"ಎಡತಲೆಗೇ ಅಲ್ಲವೇ ಅಕ್ಕ ಇಂಜೆಕ್ಷನ್ ಕೊಟ್ಟದ್ದು?"

"ಅಲ್ಲಿಗೆಲ್ಲಿ ಕೊಟ್ರು? ಕಣ್ಣಿನ್ ಪಕ್ಕ ಕೊಟ್ರು. ನಾನು ಎಡ್ತಲೆ ಅಂತ ಬಡ್ಕಂತಿವ್ನಿ — ಕತ್ತಿನ್ ಮ್ಯಾಲೆ, ತುರುಬ್ ಕಟ್ಟೋ ತಾವ. ಇಲ್ಲಾಕುದ್ರೆ ಅಲ್ಲಿಗೋಯ್ತದೇನೋ ಅಂದ್ಕಂಡು ಸುಮ್ಕಾದೆ."

ಫೋನ್ ಕಿವಿಯಲ್ಲಿತ್ತು. ಪುಸ್ತಕ ಮುಂದೆ ತೆರೆದಿತ್ತು, ಇಪ್ಪತ್ಮೂರು ಎಡತಲೆಗಳು ದುಂಡುದುಂಡಾಗಿ ಕೂತಿದ್ದವು. ಅವ್ವನ ಎಣ್ಣೆಯ ಬಟ್ಟಲು, ಬಗ್ಗಿಸಿದ ನನ್ನ ಕತ್ತು — ಎಲ್ಲ ಒಮ್ಮೆಗೇ ನೆನಪಾಯಿತು. ನನಗೆ ಆಗಲೇ ಗೊತ್ತಾಯಿತು. ಅನುಮಾನ ಅಲ್ಲ, ಸ್ಪಷ್ಟವಾಗಿ ಗೊತ್ತಾಯಿತು.

ಮಾರನೆಯ ಬೆಳಿಗ್ಗೆ ಒಂದು ಫೋನ್ ಸಾಕಿತ್ತು. ಸಾರ್, ಒಂದು ಶಬ್ದವನ್ನು ತಪ್ಪಾಗಿ ತಿಳಿದೆ, ನೋವು ಹುಟ್ಟುವುದು ತಲೆಯ ಹಿಂದೆ. ಅಷ್ಟೇ. ಅವರು ಬೈಯುತ್ತಿರಲಿಲ್ಲ, ಮತ್ತೊಂದು ಇಂಜೆಕ್ಷನ್ ಕೊಡುತ್ತಿದ್ದರು. ಆದರೆ ಹೇಳಬೇಕಾದದ್ದು ನಾನು — ಕನ್ನಡ ಮೇಷ್ಟ್ರು, ನನ್ನ ಅವ್ವನ ಮಾತು ನನಗೇ ತಿಳಿಯಲಿಲ್ಲ ಎಂದು. ಅಚ್ಚುಕಟ್ಟಾದ ದಿನಚರಿ ಪೂರ್ತಿ ತಪ್ಪು ಎಂದು. ಈ ಸುದ್ದಿ ಹೇಗೋ ಮಳವಳ್ಳಿಯ ಸ್ಟಾಫ್ ರೂಮಿಗೂ ತಲುಪುತ್ತದೆ ಎಂದು ಹೆದರಿದೆ. ಹೇಗೆ ತಲುಪುತ್ತಿತ್ತೋ, ದೇವರಿಗೇ ಗೊತ್ತು. ಟ್ರೈನಿಂಗ್ ಕಾಲೇಜಿನ ಆ ನಗು ಮತ್ತೆ ಕೇಳಿಸಿತು. ಇದನ್ನು ಕಾರಣವೆಂದು ಬರೆಯುತ್ತಿದ್ದೇನೆ, ಸಮರ್ಥನೆಯೆಂದು ಅಲ್ಲ. ಒಬ್ಬ ಹೆಂಗಸಿನ ತಲೆಯ ನೋವನ್ನೂ ನನ್ನ ಮುಖದ ಮರ್ಯಾದೆಯನ್ನೂ ಎದುರುಬದುರು ಇಟ್ಟು ನೋಡಿ, ನಾನು ನನ್ನ ಮರ್ಯಾದೆಯನ್ನು ಎತ್ತಿಕೊಂಡೆ.

ಕಣ್ಣಿನ ಹತ್ತಿರ ಸ್ವಲ್ಪ ಕಡಿಮೆಯಾಗಿದೆ ಎಂದಳಲ್ಲ — ಅದನ್ನೇ ಹಿಡಿದುಕೊಂಡೆ. ಅಲ್ಲೂ ನರ ಇದೆಯಲ್ಲ, ಅದನ್ನು ಬಿಡಿಸಿದರೂ ಒಳ್ಳೆಯದೇ ಆದೀತು, ಡಾಕ್ಟರು ಒತ್ತಿ ನೋಡಿದ್ದಾರೆ, ಅವರಿಗೆ ಗೊತ್ತಿರುವುದಿಲ್ಲವೇ... ಹೀಗೆಲ್ಲ ನನಗೆ ನಾನೇ ಪಾಠ ಹೇಳಿಕೊಂಡೆ. ಆಮೇಲೆ ಪೆನ್ನು ತೆಗೆದು ಬರೆದೆ: "ಇಂಜೆಕ್ಷನ್ ನಂತರ ನೋವು ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗಿದೆ." ಈ ಪುಸ್ತಕದ ನಲವತ್ತೇಳನೆಯ ಪುಟ, ಮೇಲಿನಿಂದ ಮೂರನೆಯ ಸಾಲು. ಒಂದೂ ಕಾಗುಣಿತ ತಪ್ಪಿಲ್ಲ.

ಡಾಕ್ಟರಿಗೆ ಅದನ್ನೇ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಇಪ್ಪತ್ತು ದಿನ ಕಳೆದು ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್. ಬೆಳಿಗ್ಗೆ ಅಕ್ಕನನ್ನು ಹಸಿರು ಬಟ್ಟೆಯಲ್ಲಿ ಮಲಗಿಸಿದ್ದರು. ಎಡಗಣ್ಣಿನ ಪಕ್ಕ ನೇರಳೆ ಶಾಯಿಯಲ್ಲಿ ಗುರುತು ಮಾಡಿದ್ದರು. ಅದು ಅವಳಿಗೆ ಕಾಣುವಂತಿರಲಿಲ್ಲ, ನನಗೆ ಕಾಣುತ್ತಿತ್ತು. ಮೂಗುಬೊಟ್ಟು, ಓಲೆ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಗಾಲಿ ಮಂಚವನ್ನು ತಳ್ಳಲು ಬಂದಾಗ ನನ್ನ ಅಂಗಿಯ ತೋಳು ಹಿಡಿದಳು.

"ಸಿವ, ಡಾಕ್ಟ್ರಿಗೆ ಸರ್ಯಾಗಿ ಯೋಳಿದ್ದೀಯ ತಾನೆ? ಎಡ್ತಲೆ ಅಂತ?"

ನಾನು ಹೇಳಿದೆ: "ಹೇಳಿದ್ದೇನೆ ಅಕ್ಕ. ಎಡತಲೆ ಅಂತಲೇ ಹೇಳಿದ್ದೇನೆ."

ಅವಳು ಕೈ ಬಿಟ್ಟಳು. ಮಂಚ ಒಳಗೆ ಹೋಯಿತು.

ಆ ಮಾತಿನಲ್ಲಿ ಸುಳ್ಳಿರಲಿಲ್ಲ, ನೋಡಿ. ಎಡತಲೆ ಎಂದೇ ಹೇಳಿದ್ದೆ. ಅವಳ ನಾಲಿಗೆಯಿಂದ ಬಿದ್ದುಹೋದ ಅಕ್ಷರದ ಸಂದಿಯಲ್ಲಿ ನಾನು ನುಸುಳಿಕೊಂಡೆ. ಇಷ್ಟು ವರ್ಷ ಯಾವ ಅಕ್ಷರಕ್ಕಾಗಿ ಮಕ್ಕಳನ್ನು ನಿಲ್ಲಿಸಿದ್ದೆನೋ, ಅದು ಇಲ್ಲದೆ ಹೋದದ್ದು ಅವತ್ತು ನನಗೆ ಅನುಕೂಲವಾಗಿತ್ತು. ನನ್ನ ಬದುಕಿನಲ್ಲಿ ನಾನು ಆಡಿದ ಅತ್ಯಂತ ಹೇಸಿಗೆಯ ಮಾತು ಅದು.

ಎಚ್ಚರವಾದ ಮೇಲೆ ಪಟ್ಟಿಯನ್ನು ಮುಟ್ಟಿನೋಡಿಕೊಂಡು, "ಇಲ್ಯಾಕೆ ಕುಯ್ದವ್ರೆ?" ಎಂದು ಕೇಳಿದಳು. ಅದೇ ನರ ಅಕ್ಕ, ಮುಂದಿನಿಂದ ಬಿಡಿಸಿದರೆ ಹಿಂದೆಯೂ ಸಡಿಲವಾಗುತ್ತದಂತೆ — ಎಂದೆ. ಡಾಕ್ಟರು ಹಾಗೆ ಹೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ನಾನೇ ಅಲ್ಲೇ ನಿಂತು ಹೆಣೆದೆ. ಅವಳು ನಂಬಿದಳು. ಅವಳ ತಮ್ಮ ಮೇಷ್ಟ್ರಲ್ಲವೇ.

ಗಾಯ ಮಾಗಿತು. ತಲೆನೋವು ಇಪ್ಪತ್ತು ದಿನ ಬರಲಿಲ್ಲ, ಆಮೇಲೆ ಬಂತು. ಮೊದಲಿನಂತೆಯೇ ಹಿಂದಿನಿಂದ ಹತ್ತಿ ಬಂತು. ಆಪರೇಷನ್ ಆದ ಜಾಗದಲ್ಲಿ ಅಂಗೈಯಗಲ ಜೋಮು ಉಳಿಯಿತು. ಬಾಚುವಾಗ ಅಲ್ಲಿ ಬಾಚಣಿಗೆ ಇರುವುದೇ ತಿಳಿಯುವುದಿಲ್ಲ ಅನ್ನುತ್ತಾಳೆ. ಸರ್ಜನ್ ಬೇಜಾರು ಮಾಡಿಕೊಂಡರು. ಕೆಲವರಿಗೆ ಫಲ ಕೊಡುವುದಿಲ್ಲ, ಇಂಜೆಕ್ಷನ್ನಿಗೆ ಅಷ್ಟು ಚೆನ್ನಾಗಿ ಇಳಿದದ್ದು ಇದಕ್ಕೆ ಯಾಕೆ ಇಳಿಯಲಿಲ್ಲವೋ ಎಂದು ತಮ್ಮನ್ನೇ ಕೇಳಿಕೊಂಡರು. ಒಬ್ಬ ಒಳ್ಳೆಯ ಡಾಕ್ಟರು ತನ್ನ ಕೈಯನ್ನೇ ಅನುಮಾನಿಸುವುದನ್ನು ನೋಡುತ್ತಾ ಎದುರು ಕೂತಿದ್ದೆ. ಅಕ್ಕ ನನ್ನನ್ನೇ ಸಂತೈಸಿದಳು. "ನೀನೇನ್ ಮಾಡೀಯೆ ಬುಡು. ನನ್ ಅಣೆಬರ ಕಣ್ಲಾ."

ಅಣೆಬರ. ಅಲ್ಲೂ ಒಂದು ಹಕಾರ ಇರಲಿಲ್ಲ. ಅವತ್ತು ತಿದ್ದಲು ನನಗೆ ನಾಲಿಗೆ ಏಳಲಿಲ್ಲ.

ಆರು ವರ್ಷ ಹೀಗೆ ಹೋಯಿತು. ಹಬ್ಬಕ್ಕೆ ಹೋಗುತ್ತಿದ್ದೆ, ಅವಳು ಟವಲು ಬಿಗಿದು ಮಲಗಿದ್ದರೆ ಹೊರಗೇ ಕೂತು ಬರುತ್ತಿದ್ದೆ. ತಪ್ಪನ್ನು ಮರೆತಿದ್ದೆ ಎನ್ನಲಾರೆ. ಆದರೆ ಅದರ ಜೊತೆ ಊಟ ಮಾಡುವುದು, ನಿದ್ದೆ ಮಾಡುವುದು ಅಭ್ಯಾಸವಾಗಿತ್ತು. ಮನುಷ್ಯನಿಗೆ ಅದೂ ಅಭ್ಯಾಸವಾಗುತ್ತದೆ ಎಂಬುದು ನನಗೇ ಹೆದರಿಕೆ ಹುಟ್ಟಿಸುತ್ತದೆ.

ಹೋದ ವಾರ ಅಕ್ಕನ ಸೊಸೆ ಸವಿತ ಫೋನ್ ಮಾಡಿದಳು. ಬಸರಾಳಿನ ಕಡೆಯ ಹುಡುಗಿ, ಡಿಗ್ರಿ ಓದಿದ್ದಾಳೆ, ಅತ್ತೆಯ ಮೇಲೆ ಪ್ರಾಣ. ಮಾತ್ರೆ ನುಂಗಿ ನುಂಗಿ ಅಕ್ಕನ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ವಾಂತಿಯಾಗಿತ್ತು. ಮಂಡ್ಯದಲ್ಲಿ ಹೊಸದಾಗಿ ಬಂದಿರುವ, ನಮ್ಮ ಕಡೆಯವರೇ ಆದ ಒಬ್ಬ ನರರೋಗದ ಡಾಕ್ಟರಮ್ಮನಿಗೆ ತೋರಿಸಿದ್ದರು. ಇನ್ನು ನೋವಿನ ಮಾತ್ರೆ ಕೊಡುವ ಹಾಗೇ ಇಲ್ಲ ಎಂದು ಅವರು ಹೇಳಿದರಂತೆ. ಹೆಡತಲೆಯ ಒಂದು ಜಾಗದಲ್ಲಿ ಬೆರಳಿಟ್ಟು ಒತ್ತಿದಾಗ ಅಕ್ಕ ಕಿರುಚಿಬಿಟ್ಟಳಂತೆ.

"ಅಲ್ಲಿಗೆ ಇಂಜೆಕ್ಷನ್ ಕೊಟ್ಟು ನೋಡಣ, ಇಳುದ್ರೆ ಆ ನರ ಬಿಡ್ಸೋಕೆ ಸರ್ಜನ್ ಹತ್ರ ಕಳುಸ್ತೀನಿ ಅಂದ್ರು ಮಾವ. ಅತ್ತೆ ಸುತರಾಂ ಒಪ್ತಿಲ್ಲ. ಅದೇ ನರ ಆವಾಗ್ಲೇ ಕುಯ್ಸಾಗದೆ, ಮುಂದ್ಲಿಂದ ಬಿಡ್ಸವ್ರೆ, ಸಿವ ಯೋಳವ್ನೆ ಅಂತಾರೆ. ನೀವೇ ಒಂದ್ಸಲ ಬಂದು ಹೇಳಿ. ನಿಮ್ ಮಾತು ಅಂದ್ರೆ ಕೇಳ್ತಾರೆ."

ಸಿವ ಯೋಳವ್ನೆ. ಆಸ್ಪತ್ರೆಯ ವಾರ್ಡಿನಲ್ಲಿ ನಾನು ಹೆಣೆದ ಸುಳ್ಳನ್ನು ಅವಳು ಆರು ವರ್ಷ ಜೋಪಾನ ಮಾಡಿದ್ದಳು. ಈಗ ಅದೇ ಅವಳ ಚಿಕಿತ್ಸೆಗೆ ಅಡ್ಡ ನಿಂತಿತ್ತು. ಬೇರೇನೋ ಹೇಳಿ ಒಪ್ಪಿಸಬಹುದೇ ಎಂದು ಒಂದು ದಿನ ಪೂರ್ತಿ ಯೋಚಿಸಿದೆ — ಇದನ್ನೂ ಮುಚ್ಚಿಡುವುದಿಲ್ಲ. ಹೊಸ ಸುಳ್ಳೊಂದು ತಯಾರೂ ಆಗಿತ್ತು. ನಲವತ್ತೇಳನೆಯ ಪುಟ ತೆಗೆದು ಓದಿದ ಮೇಲೆ ಅದನ್ನು ಬಿಟ್ಟೆ.

ಬೆಳಿಗ್ಗೆ ಹತ್ತರ ಹೊತ್ತಿಗೆ ಅವಳ ಮನೆ ತಲುಪಿದೆ. ಅಕ್ಕ ಹಿತ್ತಲಿನಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಮೇಲೆ ಮರದ ತುಂಬ ಕೊಕ್ಕರೆ ಮರಿಗಳ ಗದ್ದಲ. ಅವತ್ತು ನೋವಿರಲಿಲ್ಲ. "ಬಾರ್ಲಾ ಸಿವ, ಬಿಸ್ಲಲ್ ಬಂದಿದ್ದೀಯ, ಮಜ್ಜಿಗೆ ಕುಡಿ" ಅಂದಳು. ಸವಿತ ಮಜ್ಜಿಗೆ ತಂದಳು. ನಾನು ಲೋಟ ಕೆಳಗಿಟ್ಟು, ಇಲ್ಲಿ ಬರೆದದ್ದನ್ನೆಲ್ಲ, ಇಲ್ಲಿ ಬರೆದದ್ದಕ್ಕಿಂತ ತೊದಲುತ್ತಾ, ಹೇಳಿದೆ.

ಅವಳು ಬೀಜ ಬಿಡಿಸುತ್ತಲೇ ಇದ್ದಳು. ಎಡಗಣ್ಣಿನ ಪಕ್ಕದ ಗೆರೆ ಬಿಸಿಲಿಗೆ ಹೊಳೆಯುತ್ತಿತ್ತು. ನಾನು ಮುಗಿಸಿದ ಮೇಲೆ ಕೈ ನಿಂತಿತು.

"ಒಳೀಕ್ ಓಗೋವಾಗ ನಾನ್ ಕೇಳುದ್ನಲ್ಲ. ಆಗ ನಿಂಗ್ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕ."

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ — ಬೈಯಬಹುದಿತ್ತು, ಎಂಥ ಬೈಗುಳ ಬಲ್ಲವಳು ಅವಳು. ಹುಣಸೆಹಣ್ಣಿನ ಮೊರವನ್ನು ಪಕ್ಕಕ್ಕೆ ಸರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಸೊಸೆಯ ಕಡೆ ತಿರುಗಿದಳು.

"ಸವಿತ, ಡಾಕ್ಟ್ರಮ್ಮಂಗೆ ಫೋನ್ ಮಾಡವ್ವ. ಸೋಮಾರ ಬತ್ತೀನಿ ಅನ್ನು. ಸೂಜಿ ಆಕುಸ್ಕೊತೀನಿ."

ನನಗೆ ಉಸಿರು ಬಂದಂತಾಯಿತು. ನಾನೂ ಬರುತ್ತೇನೆ ಅಕ್ಕ, ಮಂಡ್ಯಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಆಗ ಅವಳು ನನ್ನನ್ನು ನೋಡಿದಳು.

"ನೀವ್ ಬರೋದ್ ಬ್ಯಾಡಿ ಮೇಷ್ಟ್ರೇ. ನಾನೇ ಬೆರ್ಳಿಟ್ಟು ತೋರುಸ್ತೀನಿ."

ಮೊದಲು ನನಗೆ ಅರ್ಥವಾಗಲಿಲ್ಲ, ಯಾರಿಗೆ ಹೇಳುತ್ತಿದ್ದಾಳೆ ಎಂದು. ಅವಳು ಮುಂದುವರಿಸಿದಳು: "ಸುಳ್ಳ ಬರ್ದಿರೋ ಪುಸ್ತಕ ಅದ್ಯಲ್ಲ, ಅದ್ರಲ್ಲೇ ನಿಜಾನೂ ಪೂರ್ತಿ ಬರ್ದು ಕೊಡಿ. ಡಾಕ್ಟ್ರಮ್ಮ ಓದ್ಕಳ್ಲಿ. ಆ ಡಾಕ್ಟ್ರಿಗೂ ಒಂದ್ ಮಾತ್ ತಿಳುಸ್ಬುಡಿ, ಪಾಪ, ಅವ್ರ್ ತೆಪ್ಪಲ್ಲ ಅಂತ. ಮಜ್ಜಿಗೆ ಕುಡ್ದು ಒಂಡಿ. ಬಿಸ್ಲೇರ್ತದೆ."

ನೀವು, ಬ್ಯಾಡಿ, ಕೊಡಿ, ಒಂಡಿ. ಮಜ್ಜಿಗೆ ಕುಡಿದೆ. ಕುಡಿಯದೆ ಬಂದರೆ ಅದೂ ಇನ್ನೊಂದು ಅವಮಾನ ಮಾಡಿದಂತೆ ಎನಿಸಿತು.

ಸರ್ಜನ್‌ಗೆ ಪತ್ರ ಬರೆದು ಕಳಿಸಿದ್ದೇನೆ. ಈ ಪುಸ್ತಕದ ಮೊದಲ ಪುಟಗಳಲ್ಲಿ "ಎಡತಲೆ" ಎಂದಿದ್ದ ಇಪ್ಪತ್ಮೂರು ಕಡೆಯಲ್ಲೂ ಕೆಂಪು ಪೆನ್ನಿನಿಂದ ತಿದ್ದಿದ್ದೇನೆ. ನಲವತ್ತೇಳನೆಯ ಪುಟದ ಮೂರನೆಯ ಸಾಲನ್ನು ಹೊಡೆದುಹಾಕಿ, ಅಕ್ಕ ಅವತ್ತು ಹೇಳಿದ್ದನ್ನು ಅವಳು ಹೇಳಿದಂತೆಯೇ, ಒಂದು ಅಕ್ಷರವನ್ನೂ ತಿದ್ದದೆ ಬರೆದಿದ್ದೇನೆ. ಡಾಕ್ಟರಮ್ಮನವರೇ, ನೀವು ನಮ್ಮ ಕಡೆಯವರು. ನಿಮಗೆ ಅರ್ಥವಾಗುತ್ತದೆ. ಹಿಂದಿನ ನರ ಬಿಡಿಸಿದರೆ ಅವಳಿಗೆ ಗುಣವಾಗುತ್ತದೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ಆದರೆ ಅದನ್ನು ಇನ್ನೂ ಯಾರೂ ಮುಟ್ಟಿಲ್ಲ. ಅವಳು ಹೇಳಿದ್ದನ್ನು ಅವಳು ಹೇಳಿದಂತೆ ಕೇಳಿ.

ಇವತ್ತು ಭಾನುವಾರ. ಪುಸ್ತಕ ಒಯ್ಯಲು ಸವಿತ ಬಸ್ಸಿನಲ್ಲಿ ಬಂದಿದ್ದಾಳೆ, ಹಜಾರದಲ್ಲಿ ಕೂತಿದ್ದಾಳೆ. ಈ ಕೊನೆಯ ಸಾಲುಗಳಿಗಾಗಿ ಅವಳನ್ನು ಕಾಯಿಸುತ್ತಿದ್ದೇನೆ. ಈಗ ಎದ್ದು ಹೋಗಿ ಕೇಳಿಬಂದೆ: ಅಕ್ಕ ಏನಾದರೂ ಹೇಳಿದಳೇನಮ್ಮ?

ಪಾಪ, ಆ ಹುಡುಗಿ ಮುಖ ತಗ್ಗಿಸಿದಳು.

"'ಮೇಷ್ಟ್ರು ಪುಸ್ತಕ ಕೊಡ್ತಾರೆ, ಇಸ್ಕೊಂಡ್ ಬಾ' ಅಂದ್ರು ಮಾವ. ಅಷ್ಟೇ."